ಗೀಸರಿನ ಉಷ್ಣನಿಯಾಮಕವೂ ಅದರ ದೋಷಪರೀಕ್ಷೆಯೂ

ಬೆಳಗಿನ ಸ್ನಾನಕ್ಕೆ ಬಿಸಿನೀರು ಬೇಕೆಂಬುದು ನಮ್ಮ ನಾಡಿನವರಿಗೆ ಹೊಸದಾಗಿ ಬಂದ ಸುಖಾಪೇಕ್ಷೆಯಲ್ಲ. ಬಚ್ಚಲುಮನೆಯ ಮೂಲೆಯಲ್ಲಿ ಒಲೆ ಹೂಡಿ, ಅದರ ಮೇಲೆ ತಾಮ್ರದ ಹಂಡೆಯನ್ನು ಕೂರಿಸಿ, ಕೋಳಿ ಕೂಗುವ ಹೊತ್ತಿಗೆ ಹತ್ತಿಕಟ್ಟಿಗೆಯನ್ನೋ ತೆಂಗಿನ ಗರಿಯನ್ನೋ ಒಡ್ಡಿ ನೀರು ಕಾಯಿಸುತ್ತಿದ್ದ ಪದ್ಧತಿಯನ್ನು ನಮ್ಮ ವಯಸ್ಸಿನವರೆಲ್ಲರೂ ಕಂಡವರೇ. ನರಕಚತುರ್ದಶಿಯ ಹಿಂದಿನ ಸಂಜೆ ಆ ಹಂಡೆಯನ್ನು ಹುಣಿಸೆಹಣ್ಣಿನಿಂದ ಬೆಳಗಿ, ಕೊರಳಿಗೆ ಹೂವು ಸುತ್ತಿ, ನೀರು ತುಂಬುವ ಹಬ್ಬವೆಂದು ಆಚರಿಸುವಷ್ಟರ ಮಟ್ಟಿಗೆ ಬಿಸಿನೀರು ಗೃಹಕೃತ್ಯದ ಒಂದು ಅಂಗವಾಗಿತ್ತು. ಈಗ ದಾವಣಗೆರೆಯ ಕೆ.ಬಿ. ಬಡಾವಣೆಯಂತಹ ಕಡೆಗಳಲ್ಲಿ ಹಂಡೆಯ ಸ್ಥಾನವನ್ನು ಗೋಡೆಗೆ ತೂಗುಹಾಕಿದ ವಿದ್ಯುತ್ ಗೀಸರು ಆಕ್ರಮಿಸಿದೆ. ಹಬ್ಬದ ಸಂಜೆ ಗೀಸರಿಗೇ ಹೂವು ಸಿಕ್ಕಿಸುವ ಗೃಹಿಣಿಯರೂ ಉಂಟು. ಅದರಲ್ಲಿ ದೋಷವೇನೂ ಇಲ್ಲ; ಹೂವಿನ ನೀರು ವೈರಿನೊಳಗೆ ಇಳಿಯದಿದ್ದರೆ ಸರಿ.

ಹಂಡೆಗೂ ಗೀಸರಿಗೂ ಕಾರ್ಯವು ಒಂದೇ ಆದರೂ ಪ್ರಕೃತಿಯು ಬೇರೆ. ಹಂಡೆಯ ಬಾಯಿ ತೆರೆದದ್ದು. ಒಲೆಯ ಉರಿ ಮಿತಿಮೀರಿದರೆ ನೀರು ಕುದಿದು ಆವಿಯಾಗಿ ಹೋಗುವುದು. ಹೆಚ್ಚೆಂದರೆ ಹಂಡೆ ಬತ್ತಿ ಕಲಾಯಿ ಕೆಡುವುದು. ಅಲ್ಲಿ ಉಷ್ಣವನ್ನು ನಿಯಮಿಸುತ್ತಿದ್ದುದು ಮನೆಯ ಹಿರಿಯಳ ಕೈ. ಆಕೆ ಬೆರಳನ್ನು ಅದ್ದಿ ನೋಡಿ ಕೊಳ್ಳಿಯನ್ನು ಹಿಂದಕ್ಕೆ ಎಳೆದರೆ ಮುಗಿಯಿತು. ಗೀಸರಿನ ಪಾತ್ರೆಯಾದರೋ ಮುಚ್ಚಿದ್ದು. ಅದರೊಳಗೆ ಬೆರಳು ಅದ್ದುವವರಿಲ್ಲ, ಕೊಳ್ಳಿ ಎಳೆಯುವವರೂ ಇಲ್ಲ. ನೀರು ಆವಿಯಾಗುವಾಗ ಸಾಧಾರಣ ವಾಯುಭಾರದಲ್ಲಿ ಸುಮಾರು ೧,೬೦೦ ಪಟ್ಟು ಸ್ಥಳವನ್ನು ಬೇಡುವುದು. ಮುಚ್ಚಿದ ಪಾತ್ರೆಯಲ್ಲಿ ಅದಕ್ಕೆ ಆ ಸ್ಥಳವು ದೊರೆಯದೆ ಒತ್ತಡವು ಏರುವುದು. ಒತ್ತಡವೇರಿದಂತೆ ಕುದಿಯುವ ಬಿಂದುವೂ ಏರಿ, ನೀರು ೧೦೦ ಅಂಶಕ್ಕೂ ಮೀರಿ ಕಾದು ನೀರಾಗಿಯೇ ನಿಂತಿರುವುದು. ಅಂತಹ ಪಾತ್ರೆಯು ಒಡೆದರೆ ಒಳಗಿನ ನೀರು ಒಮ್ಮೆಗೇ ಆವಿಯಾಗಿ ಸಿಡಿಯುವುದು. ಆದುದರಿಂದ ಗೀಸರಿನಲ್ಲಿ ಉಷ್ಣವನ್ನು ನಿಯಮಿಸುವ ಉಪಕರಣವು ಕೆಟ್ಟಿತೆಂದರೆ ಅದನ್ನು ಬರಿಯ ಅನನುಕೂಲವೆಂದು ಎಣಿಸಲಾಗದು. ಈ ಕಾರಣದಿಂದಲೇ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುವುದು ಉಚಿತವೆಂದು ನಮಗೆ ತೋರಿತು.

ಆ ಉಪಕರಣಕ್ಕೆ ಥರ್ಮೋಸ್ಟ್ಯಾಟು ಎಂದು ಹೆಸರು. ಈ ಶಬ್ದವು ಗ್ರೀಕು ಭಾಷೆಯ ಎರಡು ಪದಗಳಿಂದ ಆದದ್ದು. ‘ಥರ್ಮೋಸ್’ ಎಂದರೆ ಬಿಸಿ. ಇದು ಸಂಸ್ಕೃತದ ‘ಘರ್ಮ’ ಶಬ್ದದ ದಾಯಾದಿ. ‘ಸ್ಟ್ಯಾಟ್’ ಎಂಬುದು ನಿಲ್ಲುವ ಅರ್ಥದ್ದು. ನಮ್ಮ ‘ಸ್ಥಾ’ ಧಾತುವಿಗೆ ಸಹೋದರ. ಆದುದರಿಂದ ಇದನ್ನು ಘರ್ಮಸ್ಥಾಪಕವೆಂದು ಕರೆದರೆ ವ್ಯಾಕರಣಕ್ಕೂ ಅರ್ಥಕ್ಕೂ ಲೋಪವಿಲ್ಲ. ಆದರೆ ಅಂಗಡಿಯಲ್ಲಿ ಘರ್ಮಸ್ಥಾಪಕವನ್ನು ಕೇಳಿದರೆ ಬರಿಗೈಯಲ್ಲಿ ಹಿಂದಿರುಗಬೇಕಾದೀತು. ಆದುದರಿಂದ ಉಷ್ಣನಿಯಾಮಕವೆಂದೂ ಥರ್ಮೋಸ್ಟ್ಯಾಟೆಂದೂ ಎರಡನ್ನೂ ಇಲ್ಲಿ ಬಳಸುತ್ತೇವೆ. ‘ಥರ್ಮೋಸ್ಟ್ಯಾಟ್’ ಎಂಬ ಹೆಸರನ್ನು ಬಳಕೆಗೆ ತಂದವನು ಆಂಡ್ರ್ಯೂ ಯೂರ್ ಎಂಬ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ; ಅವನು ತನ್ನ ಯಂತ್ರಕ್ಕೆ ಹಕ್ಕುಪತ್ರ ಪಡೆದುದು ೧೮೩೦ರಲ್ಲಿ. ‘ಗೀಸರು’ ಎಂಬ ಹೆಸರು ಐಸ್‌ಲೆಂಡು ದ್ವೀಪದ ಗೇಸಿರ್ ಎಂಬ ಬಿಸಿನೀರಿನ ಬುಗ್ಗೆಯದು. ಲಂಡನ್ನಿನಲ್ಲಿ ಬೆಂಜಮಿನ್ ವಾಡಿ ಮಾನ್ ಎಂಬ ಬಣ್ಣಗಾರನು ೧೮೬೮ರಲ್ಲಿ ತಾನು ನಿರ್ಮಿಸಿದ ಅನಿಲದ ಕಾಯಕಕ್ಕೆ ಈ ಬುಗ್ಗೆಯ ಹೆಸರನ್ನಿಟ್ಟನು. ಹೆಸರು ನಮ್ಮ ದೇಶದಲ್ಲಿ ನೆಲೆ ನಿಂತಿತು.

ಉಷ್ಣನಿಯಾಮಕದ ತತ್ತ್ವವನ್ನು ತಿಳಿಯಲು ಪ್ರಯೋಗಶಾಲೆಗೆ ಹೋಗಬೇಕಾದುದಿಲ್ಲ. ಬಂಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಏರಿಸುವುದನ್ನು ಕಂಡವರಿಗೆ ಅದು ಆಗಲೇ ತಿಳಿದಿದೆ. ಮರದ ಚಕ್ರಕ್ಕಿಂತ ಒಂದಿಷ್ಟು ಕಿರಿದಾದ ಪಟ್ಟಿಯನ್ನು ಕಮ್ಮಾರನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸುವನು. ಕಾದ ಪಟ್ಟಿ ಹಿಗ್ಗುವುದು. ಹಿಗ್ಗಿದುದನ್ನು ಇಕ್ಕಳದಿಂದ ಚಕ್ರಕ್ಕೆ ತೊಡಿಸಿ ನೀರು ಸುರಿದೊಡನೆ ಅದು ಕುಗ್ಗಿ ಮರವನ್ನು ಬಿಗಿಹಿಡಿಯುವುದು. ಲೋಹವು ಕಾದರೆ ಹಿಗ್ಗುವುದು, ಆರಿದರೆ ಕುಗ್ಗುವುದು. ಎಲ್ಲ ಲೋಹಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲವೆಂಬುದನ್ನು ಇದಕ್ಕೆ ಸೇರಿಸಿದರೆ ಥರ್ಮೋಸ್ಟ್ಯಾಟಿನ ರಹಸ್ಯವು ಮುಗಿಯಿತು.

ಗೀಸರುಗಳಲ್ಲಿ ಎರಡು ಬಗೆಯ ನಿಯಾಮಕಗಳು ಕಾಣಸಿಗುವುವು. ಒಂದರಲ್ಲಿ ಹಿತ್ತಾಳೆಯ ಕೊಳವೆಯೊಂದು ನೀರಿನ ನಡುವೆ ಚಾಚಿಕೊಂಡಿರುವುದು. ಅದರೊಳಗೆ ಇನ್ವಾರ್ ಎಂಬ ಮಿಶ್ರಲೋಹದ ಸರಳು. ಇನ್ವಾರ್ ಎಂಬುದು ಕಬ್ಬಿಣಕ್ಕೆ ನೂರಕ್ಕೆ ೩೬ರಷ್ಟು ನಿಕ್ಕಲು ಸೇರಿಸಿದ ಲೋಹ. ಕಾದರೂ ಅದು ಹಿಗ್ಗುವುದು ಅತ್ಯಲ್ಪ. ಇದನ್ನು ೧೮೯೬ರಲ್ಲಿ ಕಂಡುಹಿಡಿದ ಶಾರ್ಲ್ ಎದುವಾರ್ ಗಿಯೋಮ್ ಎಂಬ ವಿಜ್ಞಾನಿಗೆ ೧೯೨೦ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ನೀರು ಕಾದಂತೆ ಹಿತ್ತಾಳೆ ಉದ್ದವಾಗುವುದು, ಸರಳು ಉದ್ದವಾಗದು. ಆ ವ್ಯತ್ಯಾಸವು ಕೂದಲೆಳೆಯಷ್ಟಾದರೂ ಅದೇ ಒಂದು ಸ್ಪ್ರಿಂಗನ್ನು ಎಳೆದು ಸ್ವಿಚ್ಚನ್ನು ಟಕ್ಕೆಂದು ಬಿಡಿಸುವುದು. ಎರಡನೆಯ ಬಗೆಯಲ್ಲಿ ತಾಮ್ರದ ಸಣ್ಣ ಬುರುಡೆಯೊಳಗೆ ಒಂದು ದ್ರವವನ್ನು ತುಂಬಿ, ಕೂದಲಿನಂತಹ ನಳಿಕೆಯ ಮೂಲಕ ಅದನ್ನು ಸ್ವಿಚ್ಚಿಗೆ ಸೇರಿಸಿರುವರು. ದ್ರವವು ಕಾದು ಹಿಗ್ಗಿ ತೆಳುವಾದ ತಗಡೊಂದನ್ನು ಉಬ್ಬಿಸಿ ಸ್ವಿಚ್ಚನ್ನು ಒತ್ತುವುದು. ಗೀಸರಿನ ಹೊರಗಿರುವ ತಿರುಗಣೆಯು ಈ ಟಕ್ಕೆನ್ನುವ ಘಳಿಗೆಯನ್ನು ಹಿಂದೆ ಮುಂದೆ ಸರಿಸುವುದೇ ಹೊರತು ಬೇರೇನನ್ನೂ ಮಾಡುವುದಿಲ್ಲ. ತಿರುಗಣೆಯನ್ನು ಪೂರ್ತಿ ತಿರುಗಿಸಿದರೆ ನೀರು ಬೇಗ ಕಾಯುವುದೆಂದು ಅನೇಕರು ನಂಬಿರುವರು. ಅದು ಭ್ರಮೆ. ನೀರು ಹೆಚ್ಚು ಕಾಯುವುದು, ಬೇಗ ಕಾಯದು.

ನಿಯಾಮಕದ ಬೆನ್ನಿಗೆ ಇನ್ನೆರಡು ಕಾವಲುಗಾರರು ಇರುವರು. ನಿಯಾಮಕವು ಕೆಲಸ ತಪ್ಪಿ ನೀರು ಅತಿಯಾಗಿ ಕಾದಾಗ ವಿದ್ಯುತ್ತನ್ನು ಕಡಿದುಹಾಕುವ ಕಟ್‌ಔಟು ಒಂದು. ಅದೂ ಕೈಕೊಟ್ಟರೆ ಒತ್ತಡವನ್ನು ಹೊರಕ್ಕೆ ಬಿಡುವ ಸುರಕ್ಷಾ ವಾಲ್ವು ಇನ್ನೊಂದು. ಹೀಗೆ ಒಬ್ಬನ ಹಿಂದೆ ಒಬ್ಬನು ನಿಂತಿರುವುದು ವ್ಯರ್ಥಾಡಂಬರವಲ್ಲ.

ನಮ್ಮ ಬಡಾವಣೆಯ ಒಂದು ಮನೆಯಲ್ಲಿ ಮಾಗಿಯ ಚಳಿಯ ಕಾಲದಲ್ಲಿ ನಡೆದ ಸಂಗತಿಯಿದು. ಆ ಮನೆಯ ಗೀಸರು ಎರಡು ಮೂರು ದಿನಕ್ಕೊಮ್ಮೆ ತಾನಾಗಿ ನಿಂತುಹೋಗುತ್ತಿತ್ತು. ಮಿಸ್ತ್ರಿಯು ಬಂದು ಕೆಳಗಿನ ಮುಚ್ಚಳ ತೆಗೆದು ಒಂದು ಗುಂಡಿಯನ್ನು ಒತ್ತಿದರೆ ಮತ್ತೆ ಕಾಯುವುದು. ನಾಲ್ಕನೆಯ ಬಾರಿಗೆ ಅವನಿಗೂ ಬೇಸರವಾಯಿತು. ನಾವು ಆ ದಿನ ಬೇರೆ ಕಾರ್ಯದ ಮೇಲೆ ಅಲ್ಲಿಗೆ ಹೋಗಿದ್ದೆವು.

“ಯಜಮಾನ್ರೇ, ಇದರ ಕಟ್‌ಔಟು ಹೋಗೈತ್ರಿ. ತೆಗೆದುಹಾಕಿ ಡೈರೆಕ್ಟ್ ಮಾಡಿಕೊಡ್ತೀನಿ, ಇನ್ನು ಮೇಲೆ ನಿಲ್ಲೋ ಮಾತೇ ಇಲ್ಲ” ಎಂದು ಅವನು ಹೇಳಿದನು. ಮನೆಯ ಯಜಮಾನರು ಒಪ್ಪುವುದರಲ್ಲಿದ್ದರು. ಒಳಗಿನಿಂದ ಅವರ ತಾಯಿಯವರು, ಎಪ್ಪತ್ತು ದಾಟಿದವರು, “ಮೊನ್ನೆ ಮಗುವಿಗೆ ಎರೆಯೋಣ ಅಂತ ನಲ್ಲಿ ತಿರುಗಿಸಿದೆ, ನೀರಿನ ಬದಲು ಬುಸ್ಸಂತ ಹಬೆ ಬಂತಪ್ಪಾ” ಎಂದರು. ಆ ಒಂದು ಮಾತಿನಲ್ಲಿ ರೋಗದ ನಿದಾನವೆಲ್ಲ ಅಡಗಿತ್ತು. ಕಟ್‌ಔಟು ಕೆಟ್ಟಿರಲಿಲ್ಲ, ಅದೊಂದೇ ಸರಿಯಾಗಿದ್ದುದು. ಕೆಟ್ಟಿದ್ದುದು ಥರ್ಮೋಸ್ಟ್ಯಾಟು. ಅದು ಸಕಾಲದಲ್ಲಿ ಬಿಡಿಸಿಕೊಳ್ಳದೆ ನೀರು ಕುದಿಯುವ ತನಕ ಹಿಡಿದುಕೊಂಡಿರುತ್ತಿತ್ತು. ಪ್ರತಿ ಸಲವೂ ಕಟ್‌ಔಟು ನಡುವೆ ಬಂದು ಮನೆಯವರನ್ನು ಉಳಿಸುತ್ತಿತ್ತು. ಕಳ್ಳನನ್ನು ಹಿಡಿದುಕೊಟ್ಟ ಕಾವಲುಗಾರನನ್ನೇ ಮನೆಯಿಂದ ಹೊರಗೆ ಹಾಕಲು ಆ ಸಿದ್ಧತೆ! “ಡೈರೆಕ್ಟು ಬೇಡ ತಮ್ಮಾ, ಥರ್ಮೋಸ್ಟ್ಯಾಟನ್ನು ಬಿಚ್ಚಿ ನೋಡು” ಎಂದೆವು. ಬಿಚ್ಚಿದಾಗ ಅದರ ಒಳಗಿನ ಎರಡು ಸ್ಪರ್ಶಬಿಂದುಗಳು ಕರಿಕಟ್ಟಿ ಒಂದಕ್ಕೊಂದು ಬೆಸೆದುಕೊಂಡಿದ್ದುವು. ಹೊಸದನ್ನು ತಂದು ಹಾಕಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಅದರ ಬೆಲೆಯು ಮಿಸ್ತ್ರಿಯು ಅದುವರೆಗೆ ನಾಲ್ಕು ಬಾರಿ ಪಡೆದ ಕೂಲಿಗಿಂತ ಕಡಮೆ.

ಮಿಸ್ತ್ರಿಯನ್ನು ನಾವು ದೂಷಿಸುವುದಿಲ್ಲ. ಗೃಹಸ್ಥನಿಗೆ ಬೇಕಾದುದು ನಿಲ್ಲದ ಗೀಸರು. ಅದನ್ನೇ ಅವನು ಒದಗಿಸಲು ಹೊರಟಿದ್ದನು. ಆದರೆ ‘ಡೈರೆಕ್ಟು’ ಎಂಬ ಈ ಒಂದು ಶಬ್ದವನ್ನು ಕೇಳಿದೊಡನೆ ಮನೆಯವರು ಎದ್ದು ನಿಲ್ಲಬೇಕು. ಥರ್ಮೋಸ್ಟ್ಯಾಟನ್ನಾಗಲಿ ಕಟ್‌ಔಟನ್ನಾಗಲಿ ದಾಟಿಸಿ ವಿದ್ಯುತ್ತನ್ನು ನೆಟ್ಟಗೆ ಕಾಯಿಲಿಗೆ ಕೊಡುವುದಕ್ಕೆ ಈ ಹೆಸರು. “ನಾವೇ ಗಡಿಯಾರ ನೋಡಿ ಸ್ವಿಚ್ಚು ಆರಿಸುತ್ತೇವೆ” ಎಂಬ ಸಮಾಧಾನವನ್ನೂ ಕೆಲವರು ಹೇಳಿಕೊಳ್ಳುವರು. ದೂರವಾಣಿಯಲ್ಲಿ ಮಾತಿಗೆ ನಿಂತರೆ, ಬಾಗಿಲಿಗೆ ನೆಂಟರು ಬಂದರೆ, ಗಡಿಯಾರವನ್ನು ನೋಡುವವರಾರು?

ಇನ್ನು ದೋಷಪರೀಕ್ಷೆಯ ಕ್ರಮ. ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ಗೀಸರಿನ ಮುಚ್ಚಳವನ್ನು ತೆಗೆಯುವುದು ಗೃಹಸ್ಥನ ಕೆಲಸವಲ್ಲ. ಮುಚ್ಚಳದ ಹೊರಗೆ ನಿಂತು ಕಣ್ಣು, ಕಿವಿ, ಗಡಿಯಾರಗಳಿಂದ ತಿಳಿಯಬಹುದಾದುದೇ ಬೇಕಾದಷ್ಟಿದೆ. ತೆಗೆಯುವವರು ಯಾರೇ ಆಗಿರಲಿ, ಸ್ವಿಚ್ಚನ್ನು ಆರಿಸಿದ ಮಾತ್ರದಿಂದ ತೃಪ್ತರಾಗದೆ ಪ್ಲಗ್ಗನ್ನು ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳತಕ್ಕದ್ದು. ಪ್ಲಗ್ಗಿಲ್ಲದೆ ನೇರವಾಗಿ ಜೋಡಿಸಿದ್ದರೆ ಎಂ.ಸಿ.ಬಿ.ಯನ್ನು ಕೆಳಗಿಳಿಸತಕ್ಕದ್ದು. ಹಳೆಯ ಮನೆಗಳಲ್ಲಿ ಸ್ವಿಚ್ಚು ತಪ್ಪು ತಂತಿಯ ಮೇಲೆ ಕುಳಿತಿರುವುದು ಅಪರೂಪವಲ್ಲ. ಅಂತಹ ಕಡೆ ಸ್ವಿಚ್ಚು ಆರಿದ್ದರೂ ಕಾಯಿಲಿನಲ್ಲಿ ವಿದ್ಯುತ್ತು ಇದ್ದೇ ಇರುವುದು. ನಲ್ಲಿಯನ್ನು ಮುಟ್ಟಿದಾಗ ಜುಮ್ಮೆನ್ನುವಂತಿದ್ದರೆ ಯಾವ ಪರೀಕ್ಷೆಯೂ ಬೇಡ. ಕೂಡಲೇ ಮುಖ್ಯ ಸ್ವಿಚ್ಚನ್ನು ಆರಿಸಿ ಮಿಸ್ತ್ರಿಯನ್ನು ಕರೆಸಬೇಕು. ಅದು ಥರ್ಮೋಸ್ಟ್ಯಾಟಿನ ದೋಷವಲ್ಲ, ಕಾಯಿಲು ಒಡೆದು ವಿದ್ಯುತ್ತು ನೀರಿಗೆ ಸೋರುತ್ತಿರುವ ಸೂಚನೆ. ಭೂಸ್ಪರ್ಶದ ತಂತಿ ಸರಿಯಿದ್ದು, ೩೦ ಮಿಲಿ ಆಂಪಿಯರ್ ಸೋರಿಕೆಗೇ ಬೀಳುವ ಆರ್.ಸಿ.ಸಿ.ಬಿ. ಎಂಬ ಉಪಕರಣವು ಮೀಟರಿನ ಬಳಿ ಇದ್ದರೆ, ಜುಮ್ಮೆನ್ನುವ ಮೊದಲೇ ಅದು ಕೆಳಗೆ ಬಿದ್ದಿರುವುದು. ಪದೇ ಪದೇ ಬೀಳುತ್ತಿದೆಯೆಂದು ಅದನ್ನು ಶಪಿಸುವುದು ಮೇಲೆ ಹೇಳಿದ ಕಾವಲುಗಾರನ ಕಥೆಯೇ.

ನೀರು ಸ್ವಲ್ಪವೂ ಕಾಯುತ್ತಿಲ್ಲವೆನ್ನೋಣ. ಗೀಸರಿನ ದೀಪಗಳನ್ನು ನೋಡಬೇಕು. ಅನೇಕ ಗೀಸರುಗಳಲ್ಲಿ ಎರಡು ದೀಪಗಳುಂಟು: ವಿದ್ಯುತ್ತು ಬಂದಿದೆಯೆಂಬುದಕ್ಕೆ ಒಂದು, ಕಾಯುತ್ತಿದೆಯೆಂಬುದಕ್ಕೆ ಇನ್ನೊಂದು. ಎರಡೂ ಆರಿದ್ದರೆ ದೋಷವು ಸಾಧಾರಣವಾಗಿ ಗೀಸರಿನ ಹೊರಗೆ. ಪ್ಲಗ್ಗು, ಸ್ವಿಚ್ಚು, ಎಂ.ಸಿ.ಬಿ.ಗಳಲ್ಲಿ ಹುಡುಕಬೇಕು. ೨,೦೦೦ ವ್ಯಾಟಿನ ಗೀಸರು ೨೩೦ ವೋಲ್ಟಿನಲ್ಲಿ ಸುಮಾರು ೮.೭ ಆಂಪಿಯರ್‌ಗಳನ್ನೂ, ೩,೦೦೦ ವ್ಯಾಟಿನದು ೧೩ ಆಂಪಿಯರ್‌ಗಳನ್ನೂ ಎಳೆಯುವುದು. ದೀಪಕ್ಕೂ ಬೀಸಣಿಗೆಗೂ ಇರುವ ಸಣ್ಣ ಪ್ಲಗ್ಗಿಗೆ ಅದನ್ನು ಸಿಕ್ಕಿಸಿದರೆ ಪ್ಲಗ್ಗು ಕರಗಿ ಕಂದುಬಣ್ಣಕ್ಕೆ ತಿರುಗುವುದು. ಇದಕ್ಕೆ ೧೬ ಆಂಪಿಯರಿನ ದೊಡ್ಡ ಪ್ಲಗ್ಗೇ ಆಗಬೇಕು. ಮೊದಲ ದೀಪವು ಉರಿದು, ನೀರು ತಣ್ಣಗಿದ್ದರೂ ಎರಡನೆಯದು ಉರಿಯದಿದ್ದರೆ ಥರ್ಮೋಸ್ಟ್ಯಾಟೋ ಕಟ್‌ಔಟೋ ಬಿಡಿಸಿಕೊಂಡಿದೆ. ಎರಡೂ ಉರಿಯುತ್ತಿದ್ದು ನೀರು ಕಾಯದಿದ್ದರೆ ನಿಯಾಮಕವು ನಿರ್ದೋಷಿ, ಕಾಯಿಲು ತುಂಡಾಗಿದೆ. ಇಷ್ಟನ್ನು ತಿಳಿದು ಮಿಸ್ತ್ರಿಗೆ ಹೇಳಿದರೆ ಅವನು ಎರಡು ಸಲ ಅಂಗಡಿಗೆ ಅಲೆಯುವುದು ತಪ್ಪುವುದು.

ನೀರು ಕಾಯುತ್ತದೆ, ಆದರೆ ಬಹಳ ತಡವಾಗಿ ಎನ್ನುವವರೇ ಹೆಚ್ಚು. ಇಲ್ಲಿ ಸ್ವಲ್ಪ ಲೆಕ್ಕವು ಬೇಕಾಗುವುದು. ಒಂದು ಲೀಟರು ನೀರನ್ನು ಒಂದು ಅಂಶ ಕಾಯಿಸಲು ಒಂದು ಕಿಲೊ ಕ್ಯಾಲರಿ ಉಷ್ಣ ಬೇಕು. ವಿದ್ಯುತ್ತಿನ ಒಂದು ಯೂನಿಟ್ಟಿನಿಂದ ೮೬೦ ಕಿಲೊ ಕ್ಯಾಲರಿ ಬರುವುದು. ೧೫ ಲೀಟರು ನೀರನ್ನು ೨೫ ಅಂಶದಿಂದ ೬೦ಕ್ಕೆ ಏರಿಸಲು ೧೫ × ೩೫, ಎಂದರೆ ೫೨೫ ಕಿಲೊ ಕ್ಯಾಲರಿ. ಯೂನಿಟ್ಟಿನ ಐದರಲ್ಲಿ ಮೂರು ಪಾಲು. ೨,೦೦೦ ವ್ಯಾಟಿನ ಗೀಸರು ಅದನ್ನು ೧೮ ನಿಮಿಷಗಳಲ್ಲಿ ಒದಗಿಸಬೇಕು. ಮಕ್ಕಳಿಗೆ ಗಡಿಯಾರ ಕೊಟ್ಟು ದೀಪ ಹೊತ್ತಿದ ಹೊತ್ತನ್ನೂ ಆರಿದ ಹೊತ್ತನ್ನೂ ಬರೆಯಿಸಬಹುದು. ಅವರಿಗೂ ಒಂದು ಪಾಠವಾದೀತು. ಹತ್ತೊಂಬತ್ತು ಇಪ್ಪತ್ತು ನಿಮಿಷವಾದರೆ ಎಲ್ಲವೂ ಸರಿ. ಇಪ್ಪತ್ತೇಳು ನಿಮಿಷವಾದರೆ? ಥರ್ಮೋಸ್ಟ್ಯಾಟನ್ನು ಬೈಯುವ ಮೊದಲು ವೋಲ್ಟನ್ನು ಅಳೆಸಬೇಕು. ಕಾಯಿಲಿನ ಶಕ್ತಿಯು ವೋಲ್ಟಿನ ವರ್ಗದಂತೆ ಇಳಿಯುವುದು. ೨೩೦ ಇರಬೇಕಾದಲ್ಲಿ ೧೯೦ ಇದ್ದರೆ ೨,೦೦೦ ವ್ಯಾಟಿನ ಕಾಯಿಲು ೧,೩೬೫ ವ್ಯಾಟಿನದಾಗುವುದು, ಹದಿನೆಂಟು ನಿಮಿಷವು ಇಪ್ಪತ್ತೇಳಾಗುವುದು. ಬೆಳಗಿನ ಆರು ಗಂಟೆಗೆ ಬೀದಿಯ ಎಲ್ಲ ಗೀಸರುಗಳೂ ಒಮ್ಮೆಗೇ ಹೊತ್ತುವ ಕಡೆ ಹೀಗಾಗುವುದು ಸಹಜ. ಐದು ಗಂಟೆಗೇ ಏಳುವವರಿಗೆ ಇದರಲ್ಲೊಂದು ಲಾಭವುಂಟು.

ದೀಪವು ಐದಾರು ನಿಮಿಷಕ್ಕೇ ಆರಿ ನೀರು ಉಗುರುಬೆಚ್ಚಗೆ ಉಳಿದರೆ ನಿಯಾಮಕದ ಮೇಲೆ ಸಂಶಯ ಪಡಬಹುದು. ನೀರು ಹೀಗೆ ಬೆಚ್ಚಗಿರುವಾಗ ಪ್ಲಗ್ಗನ್ನು ಕಿತ್ತು, ಹೊರಗಿನ ತಿರುಗಣೆಯನ್ನು ಕಡಮೆಯಿಂದ ಹೆಚ್ಚಿನ ಕಡೆಗೆ ಮೆಲ್ಲಗೆ ತಿರುಗಿಸುತ್ತ ಕಿವಿಗೊಡಬೇಕು. ನೀರಿನ ಉಷ್ಣಕ್ಕೆ ಸರಿಯಾದ ಸ್ಥಾನವನ್ನು ದಾಟುವಾಗ ಟಕ್ಕೆಂಬ ಸಣ್ಣ ಸದ್ದು ಕೇಳಿಸುವುದು. ಹಿಂದಕ್ಕೆ ತಿರುಗಿಸಿದಾಗ ಮತ್ತೊಮ್ಮೆ. ಆ ಸದ್ದು ತಿರುಗಣೆಯ ಕೊನೆಯಲ್ಲಿ ಕೇಳಿಸಿದರೆ ನಿಯಾಮಕದ ಅಳತೆ ತಪ್ಪಿದೆ. ಎಲ್ಲಿಯೂ ಕೇಳಿಸದಿದ್ದರೆ ಅದು ಸತ್ತಿದೆ ಎಂದೇ ಬಹುಮಟ್ಟಿಗೆ ಹೇಳಬಹುದು. ಎಲ್ಲ ಗೀಸರುಗಳಲ್ಲಿ ಹೊರಗೆ ತಿರುಗಣೆಯಿರುವುದಿಲ್ಲ. ಇಲ್ಲದ ಕಡೆ ಮಿಸ್ತ್ರಿಯೇ ಮೀಟರಿನಿಂದ ನೋಡಬೇಕು.

ಸಂಶಯವನ್ನು ದೃಢಪಡಿಸುವ ಮೊದಲು ಇನ್ನೊಂದು ಪರೀಕ್ಷೆಯನ್ನು ತಪ್ಪದೆ ಮಾಡತಕ್ಕದ್ದು. ಏಕೆಂದರೆ ನಿರಪರಾಧಿಯಾದ ಥರ್ಮೋಸ್ಟ್ಯಾಟುಗಳು ಅನೇಕ ಮನೆಗಳಲ್ಲಿ ಬದಲಾಗುತ್ತಿರುವುದು ಇದನ್ನು ಮಾಡದೆ. ಈಗಿನ ಬಚ್ಚಲುಮನೆಗಳಲ್ಲಿ ತಣ್ಣೀರನ್ನೂ ಬಿಸಿನೀರನ್ನೂ ಬೆರೆಸುವ ಜೋಡುನಲ್ಲಿಯನ್ನು ಹಾಕಿರುವರು. ಅದರ ಒಳಗಿನ ಬಿರಡೆ ಸವೆದಿದ್ದರೆ ತಣ್ಣೀರು ಬಿಸಿನೀರಿನ ದಾರಿಗೆ ಕದ್ದು ನುಸುಳುವುದು. ಗೀಸರಿಗೆ ನೀರು ಹೋಗುವ ಕವಾಟವನ್ನು ಪೂರ್ತಿಯಾಗಿ ಮುಚ್ಚಿ, ಬಿಸಿನೀರಿನ ನಲ್ಲಿಯನ್ನು ಮಾತ್ರ ತೆರೆಯಬೇಕು. ಕೆಲವು ಕ್ಷಣಗಳಲ್ಲಿ ನೀರು ನಿಲ್ಲಬೇಕಾದುದು ನ್ಯಾಯ. ನಿಲ್ಲದೆ ಹರಿಯುತ್ತಲೇ ಇದ್ದರೆ ಅದು ಗೀಸರಿನಿಂದ ಬಂದ ನೀರಲ್ಲ, ದೋಷವು ನಲ್ಲಿಯಲ್ಲಿದೆ. ಪರೀಕ್ಷೆ ಮುಗಿದೊಡನೆ ಕವಾಟವನ್ನು ಮರಳಿ ತೆರೆಯುವುದನ್ನು ಮರೆಯಬಾರದು, ನೀರಿಲ್ಲದ ಗೀಸರನ್ನು ಹೊತ್ತಿಸಿದರೆ ಕಾಯಿಲು ಸುಟ್ಟುಹೋಗುವುದು.

ನೀರು ಅತಿಯಾಗಿ ಕಾಯುವುದು ಮೂರನೆಯ ರೋಗ. ಅಪಾಯಕರವಾದುದು ಇದೇ. ಗೀಸರು ಹೊತ್ತಿಸಿ ಒಂದು ಗಂಟೆಯಾದರೂ ದೀಪ ಆರದಿರುವುದು, ನಲ್ಲಿಯಲ್ಲಿ ನೀರು ಹಬೆಯೊಡನೆ ಉಗುಳುಗುಳಾಗಿ ಬೀಳುವುದು, ಪಾತ್ರೆಯೊಳಗೆ ಕೊತಕೊತ ಸದ್ದಾಗುವುದು, ಕಟ್‌ಔಟು ಮತ್ತೆ ಮತ್ತೆ ಬೀಳುವುದು, ಇವು ಲಕ್ಷಣಗಳು. ಇವುಗಳಲ್ಲಿ ಒಂದನ್ನು ಕಂಡರೂ ಅಂದೇ ಗೀಸರನ್ನು ನಿಲ್ಲಿಸಬೇಕು. ನೀರು ಆರುವ ತನಕ ಯಾರೂ ಅದರ ಕೆಳಗೆ ನಿಲ್ಲಬಾರದು. ಸುರಕ್ಷಾ ವಾಲ್ವಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುವೆವು. ನೀರು ೨೫ರಿಂದ ೬೦ ಅಂಶಕ್ಕೆ ಕಾದಾಗ ನೂರಕ್ಕೆ ಸುಮಾರು ೧.೪ರಷ್ಟು ಹಿಗ್ಗುವುದು, ೧೫ ಲೀಟರಿಗೆ ಒಂದು ಲೋಟದಷ್ಟು ಹೆಚ್ಚಾಯಿತು. ಆ ಹೆಚ್ಚಾದ ನೀರು ವಾಲ್ವಿನ ಮೂಲಕ ತೊಟ್ಟುತೊಟ್ಟಾಗಿ ಬಿದ್ದರೆ ಅದು ದೋಷವಲ್ಲ, ಅದರ ಧರ್ಮ. ಗೋಡೆ ಒದ್ದೆಯಾಗುವುದೆಂದು ಅದಕ್ಕೆ ಬಿರಡೆ ಬಡಿದು, ಮೇಲೆ ರಬ್ಬರು ಸುತ್ತಿ ಬಂಧಿಸಿರುವ ಮನೆಗಳನ್ನು ನಾವು ಕಂಡಿದ್ದೇವೆ. ಒಂದು ಸಣ್ಣ ಕೊಳವೆಯನ್ನು ಜೋಡಿಸಿ ನೀರನ್ನು ಬಚ್ಚಲಿಗೆ ಬಿಟ್ಟರೆ ಆಯಿತು.

ಥರ್ಮೋಸ್ಟ್ಯಾಟು ಹೊತ್ತಿಗೆ ಮೊದಲೇ ಕೆಡಲು ನಮ್ಮ ಊರಿನಲ್ಲಿ ಮುಖ್ಯ ಕಾರಣವು ನೀರು. ದಾವಣಗೆರೆಗೆ ನದಿಯ ನೀರಿದೆ: ಹರಿಹರದ ಕಡೆ ರಾಜನಹಳ್ಳಿಯ ಬಳಿ ತುಂಗಭದ್ರೆಯಿಂದ ಎತ್ತಿದ ನೀರು, ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆಯ ನೀರು. ಇದು ಮೃದು. ಆದರೆ ನಲ್ಲಿಯ ನೀರು ಸಾಲದೆ ಮನೆಮನೆಗೂ ಕೊಳವೆಬಾವಿಯನ್ನು ಕೊರೆಸಿ, ಎರಡು ನೀರನ್ನೂ ಒಂದೇ ತೊಟ್ಟಿಯಲ್ಲಿ ಬೆರೆಸುವವರು ಬಹಳ. ಭೂಮಿಯ ಆಳದ ನೀರಿನಲ್ಲಿ ಸುಣ್ಣದ ಅಂಶವು ಕರಗಿರುವುದು. ಭಾರತೀಯ ಮಾನಕ ಸಂಸ್ಥೆಯು ಕುಡಿಯುವ ನೀರಿಗೆ ವಿಧಿಸಿರುವ ಗಡುಸುತನದ ಮಿತಿಯು ಲೀಟರಿಗೆ ೨೦೦ ಮಿಲಿಗ್ರಾಂ. ಬೇರೆ ನೀರು ದೊರೆಯದಿದ್ದರೆ ೬೦೦ರ ವರೆಗೆ ಸಹಿಸಬಹುದೆಂದಿದೆ. ಸಾಬೂನು ನೊರೆಗಟ್ಟದಿರುವುದು, ಬೇಳೆ ಬೇಯದಿರುವುದು, ಸ್ಟೀಲು ಚೊಂಬಿನ ಮೇಲೆ ಬಿಳಿಯ ಕಲೆ ನಿಲ್ಲುವುದು, ಇವುಗಳಿಂದಲೇ ಗೃಹಿಣಿಯರು ಗಡಸು ನೀರನ್ನು ಗುರುತಿಸಬಲ್ಲರು. ಅಂತಹ ನೀರು ಕಾದಾಗ, ವಿಶೇಷವಾಗಿ ೬೦ ಅಂಶವನ್ನು ಮೀರಿದಾಗ, ಕರಗಿದ್ದ ಸುಣ್ಣವು ಗಟ್ಟಿಯಾಗಿ ಕಾಯಿಲಿನ ಮೇಲೂ ನಿಯಾಮಕದ ಕೊಳವೆಯ ಮೇಲೂ ಗಾರೆಯಂತೆ ಕೂರುವುದು. ಕಾಯಿಲು ಒಳಗೇ ಬೆಂದು ಸೀಳುವುದು; ನಿಯಾಮಕಕ್ಕೆ ನೀರಿನ ಬಿಸಿ ತಡವಾಗಿ ತಲಪುವುದು. ಕಾಯುವಾಗ ಗೀಸರು ಕಾವಲಿಯ ಮೇಲೆ ಒಗ್ಗರಣೆ ಚಿಟಗುಟ್ಟಿದಂತೆ ಸದ್ದು ಮಾಡಿದರೆ ಗಾರೆ ಕಟ್ಟಿದೆಯೆಂದು ತಿಳಿಯಬೇಕು. ಎರಡು ವರ್ಷಕ್ಕೊಮ್ಮೆ, ಬರಿಯ ಕೊಳವೆಬಾವಿಯ ನೀರಾದರೆ ವರ್ಷಕ್ಕೊಮ್ಮೆ, ಬಿಚ್ಚಿಸಿ ಕೆರೆಸುವುದು ಒಳ್ಳೆಯದು. ಹಾಗೆ ಬಿಚ್ಚಿದಾಗ ಒಳಗಿನ ಮೆಗ್ನೀಷಿಯಮ್ ಸರಳನ್ನೂ ನೋಡಿಸಬೇಕು. ಪಾತ್ರೆಗೆ ಬರಬೇಕಾದ ತುಕ್ಕನ್ನು ತಾನು ತಿಂದು ಸವೆಯುವುದಕ್ಕಾಗಿಯೇ ಅದನ್ನು ಇಟ್ಟಿರುವರು. ಕಡ್ಡಿಯಷ್ಟು ತೆಳುವಾಗಿದ್ದರೆ ಬದಲಿಸತಕ್ಕದ್ದು. ನೀರು ತುಂಬುವ ಹಬ್ಬಕ್ಕೆ ಒಂದು ವಾರ ಮುಂಚೆ ಇದನ್ನು ಮಾಡಿಸಿದರೆ, ಹಂಡೆ ಬೆಳಗುತ್ತಿದ್ದ ಹಳೆಯ ಪದ್ಧತಿಯನ್ನೂ ಉಳಿಸಿಕೊಂಡಂತಾಗುವುದು.

ತಿರುಗಣೆಯನ್ನು ಎಲ್ಲಿ ನಿಲ್ಲಿಸಬೇಕೆಂದು ಕೇಳುವರು. ನಮ್ಮ ಅಭಿಪ್ರಾಯದಲ್ಲಿ ೬೦ ಅಂಶವು ಯುಕ್ತ. ಅದಕ್ಕಿಂತ ಬಹಳ ಇಳಿಸಿ ನೀರನ್ನು ದಿನಗಟ್ಟಲೆ ಬೆಚ್ಚಗೆ ಇಡುವುದೂ ಕೂಡದು. ೧೯೭೬ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಸಮ್ಮೇಳನವೊಂದರಲ್ಲಿ ಹಬ್ಬಿದ ನ್ಯುಮೋನಿಯದಿಂದ ಬೆಳಕಿಗೆ ಬಂದ ಲೀಜಿಯೊನೆಲ್ಲ ಎಂಬ ಸೂಕ್ಷ್ಮಾಣುವು ಬೆಚ್ಚನೆಯ ನಿಂತ ನೀರಿನಲ್ಲಿಯೇ ಬೆಳೆಯುವುದು; ೬೦ರಲ್ಲಿ ಸಾಯುವುದು. ಆದರೆ ಅದೇ ೬೦ ಅಂಶದ ನೀರು ದೊಡ್ಡವರ ಚರ್ಮವನ್ನು ಸುಮಾರು ಐದು ಸೆಕೆಂಡುಗಳಲ್ಲಿ ಸುಡಬಲ್ಲದು. ೭೦ರದು ಒಂದು ಸೆಕೆಂಡಿನಲ್ಲಿ. ಶಿಶುವಿನ ಚರ್ಮಕ್ಕೆ ಅಷ್ಟೂ ಹೊತ್ತು ಬೇಡ. ವೃದ್ಧರಿಗೆ, ಮಧುಮೇಹದಿಂದ ಪಾದಗಳ ಸ್ಪರ್ಶಜ್ಞಾನ ಕುಂದಿದವರಿಗೆ ಸುಟ್ಟುದು ತಿಳಿಯುವುದೇ ತಡವಾಗಿ. ಸ್ನಾನಕ್ಕೆ ಬೇಕಾದುದು ೩೮ರಿಂದ ೪೦ ಅಂಶ ಮಾತ್ರ. ಆದುದರಿಂದ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಆಮೇಲೆ ಮೊಣಕೈ ಅದ್ದಿ ನೋಡುವುದು, ಆಮೇಲೆಯೇ ಮಗು. ಜ್ವರದ ಪಾದರಸದ ಕಡ್ಡಿಯನ್ನು ಬಿಸಿನೀರಿಗೆ ಅದ್ದಿ ಅಳೆಯಲು ಯಾರೂ ಹೋಗಬಾರದು. ಅದರ ಅಳತೆ ೪೨ ಅಂಶಕ್ಕೆ ಮುಗಿಯುವುದು, ಮೀರಿದರೆ ಗಾಜು ಒಡೆದು ಪಾದರಸವು ಬಚ್ಚಲಲ್ಲಿ ಚೆಲ್ಲುವುದು. ಅಡಿಗೆಯ ಉಷ್ಣಮಾಪಕಗಳು ಪೇಟೆಯಲ್ಲಿ ದೊರೆಯುವುವು.

ಸೂರ್ಯನ ಶಾಖದ ಕಾಯಕಗಳನ್ನು ಮಹಡಿಯ ಮೇಲೆ ಇರಿಸಿರುವವರು ತಮಗೆ ಈ ಲೇಖನವು ಸಂಬಂಧಿಸಿದುದಲ್ಲವೆಂದು ಪುಟ ತಿರುವಬಾರದು. ಮೋಡದ ದಿನಕ್ಕೆಂದು ಅದರಲ್ಲಿಯೂ ಒಂದು ಕಾಯಿಲನ್ನೂ ಥರ್ಮೋಸ್ಟ್ಯಾಟನ್ನೂ ಇಟ್ಟಿರುವುದುಂಟು. ವರ್ಷದಲ್ಲಿ ಹತ್ತು ತಿಂಗಳು ಕೆಲಸವಿಲ್ಲದೆ ಇದ್ದು, ಶ್ರಾವಣದಲ್ಲಿ ಕರೆದಾಗ ಅದು ಓಗೊಡದಿರುವುದೂ ಉಂಟು. ಅನಿಲದ ಗೀಸರಿನ ವಿಷಯವೇ ಬೇರೆ. ಮುಚ್ಚಿದ ಸ್ನಾನಗೃಹದಲ್ಲಿ ಅದು ಉರಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡು ತುಂಬಿ ಪ್ರಾಣವನ್ನೇ ತೆಗೆಯುವುದು. ಅದನ್ನು ಸ್ನಾನಗೃಹದ ಹೊರಗೇ ಇಡಬೇಕೆಂಬಷ್ಟನ್ನು ಮಾತ್ರ ಇಲ್ಲಿ ಹೇಳಬಹುದು.

ಈ ಉಪಕರಣದ ಬಂಧುವೊಂದು ಶೀತದೇಶಗಳಲ್ಲಿ ಇದೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಅದರ ವಿಷಯವಾಗಿ ದೂರವಾಣಿಯಲ್ಲಿ ಕೇಳಿದ್ದರಿಂದ, ಮಕ್ಕಳು ಹೊರದೇಶಗಳಲ್ಲಿರುವ ವಾಚಕರಿಗೆ ಉಪಯೋಗವಾದೀತೆಂದು ಬರೆಯುತ್ತೇವೆ. ಅಲ್ಲಿ ಬಿಸಿನೀರನ್ನು ಕೊಳವೆಗಳ ಮೂಲಕ ಕೋಣೆಕೋಣೆಯ ರೇಡಿಯೇಟರು ಎಂಬ ಉಕ್ಕಿನ ತಗಡುಪೆಟ್ಟಿಗೆಗಳಿಗೆ ಹರಿಸಿ ಮನೆಯನ್ನು ಬೆಚ್ಚಗಿಡುವರು. ಪ್ರತಿಯೊಂದರ ಕವಾಟಕ್ಕೂ ಒಂದು ತಿರುಗುವ ತಲೆಯುಂಟು. ಅದರೊಳಗಿನ ಮೇಣವೋ ದ್ರವವೋ ಕೋಣೆ ಬೆಚ್ಚಗಾದಂತೆ ಹಿಗ್ಗಿ, ಒಂದು ಸಣ್ಣ ಮೊಳೆಯನ್ನು ಒತ್ತಿ ನೀರನ್ನು ತಡೆಯುವುದು. ವಿದ್ಯುತ್ತಿನ ಸಂಬಂಧವೇ ಇಲ್ಲ. ಡೆನ್ಮಾರ್ಕಿನ ಮ್ಯಾಡ್ಸ್ ಕ್ಲಾಸನ್ ಎಂಬಾತನು ೧೯೪೩ರಲ್ಲಿ ಇದನ್ನು ರೂಪಿಸಿದನು. ತಲೆಯ ಮೇಲಿನ ೩ ಎಂಬ ಅಂಕೆಯು ಸಾಧಾರಣವಾಗಿ ೨೦ ಅಂಶಕ್ಕೆ ಸಮ.

ನಮ್ಮ ವಿದ್ಯಾರ್ಥಿಯ ಮನೆಯಲ್ಲಿ ಒಂದು ಕೋಣೆಯ ರೇಡಿಯೇಟರು ಚಳಿಗಾಲದ ಆರಂಭದಲ್ಲಿ ಬಿಸಿಯಾಗಲೇ ಇಲ್ಲ, ಉಳಿದವೆಲ್ಲ ಬಿಸಿಯಾಗುತ್ತಿದ್ದುವು. ಬೇಸಗೆಯಲ್ಲೆಲ್ಲ ಅದನ್ನು ಪೂರ್ತಿ ಮುಚ್ಚಿದ್ದನೆಂದು ಕೇಳಿದಾಗ ತಿಳಿಯಿತು. ತಿಂಗಳುಗಟ್ಟಲೆ ಒತ್ತಿಹಿಡಿದ ಮೊಳೆಯು ಅಲ್ಲಿಯೇ ಅಂಟಿಕೊಂಡಿರುವುದು ಬಹು ಸಾಮಾನ್ಯವಾದ ದೋಷ. ತಲೆಯನ್ನು ಪೂರ್ತಿ ತೆರೆದ ಸ್ಥಾನಕ್ಕೆ ತಿರುಗಿಸಿ, ಕೆಳಗಿನ ಸುತ್ತುಬಳೆಯನ್ನು ಸಡಿಲಿಸಿ ಕಳಚಿದರೆ ಮೊಳೆ ಕಾಣಿಸುವುದು. ಮರದ ಹಿಡಿಯಿಂದ ಅದನ್ನು ಮೆಲ್ಲಗೆ ಒತ್ತಿ ಬಿಟ್ಟರೆ ಒಂದೆರಡು ಮಿಲಿಮೀಟರು ಒಳಗೆ ಹೋಗಿ ತಾನಾಗಿ ಹೊರಕ್ಕೆ ಪುಟಿಯಬೇಕು. ಪುಟಿಯದಿದ್ದರೆ ಬದಿಗಳಿಂದ ಮೃದುವಾಗಿ ತಟ್ಟಿ, ಒಂದು ಹನಿ ಎಣ್ಣೆಯಿಟ್ಟು ಮತ್ತೆ ಮತ್ತೆ ಒತ್ತಬೇಕು. ಇಕ್ಕಳದಿಂದ ಹಿಡಿದು ಎಳೆಯಲಾಗದು, ಮೊಳೆ ಕಿತ್ತುಬಂದರೆ ಕೋಣೆಯ ತುಂಬ ನೀರು. ರೇಡಿಯೇಟರಿನ ಮೇಲ್ಭಾಗ ಮಾತ್ರ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ, ಕೆಳಭಾ�ಗ ಮಾತ್ರ ತಣ್ಣಗಿದ್ದರೆ ಕೆಸರು ಕೂತಿದೆ. ಇವೆರಡರಲ್ಲಿಯೂ ಕವಾಟದ ತಪ್ಪಿಲ್ಲ. ಕಿಟಕಿಯ ಪರದೆಯು ತಲೆಯ ಮೇಲೆ ಇಳಿಬಿದ್ದಿದ್ದರೆ, ಪರದೆಯೊಳಗಿನ ಬಿಸಿಗೆ ಅದು ಕೋಣೆಯೇ ಬೆಚ್ಚಗಾಯಿತೆಂದು ಮೋಸಹೋಗಿ ನೀರನ್ನು ತಡೆಯುವುದು. ಅವನ ಮನೆಯಲ್ಲಿ ಮೊಳೆಯು ಹತ್ತು ನಿಮಿಷದ ತಟ್ಟುವಿಕೆಗೆ ಸಡಿಲಿತು. ಹಾಗೆ ಸಡಿಲದಿದ್ದಲ್ಲಿ ತಲೆಯನ್ನು ಹೊಸದಾಗಿ ಕೊಂಡು ಪ್ರಯೋಜನವಿಲ್ಲ. ಕವಾಟದ ಕೆಳಭಾಗವನ್ನೇ ಬದಲಿಸಬೇಕಾಗುವುದರಿಂದ, ಕೊಳವೆಗಳ ನೀರನ್ನು ಇಳಿಸಬಲ್ಲ ಕೆಲಸಗಾರನನ್ನು ಕರೆಸತಕ್ಕದ್ದು.